ಹದಿನಾಲ್ಕನೇ ನಂಬರು – ಕಂತು ೫: ಬಲಗಣ್ಣಿನ ರಿಂಗು

ಗುರುವಾರ ಬೆಳಿಗ್ಗೆ ಆರೂವರೆಗೆ ನಲ್ಲಿಯಲ್ಲಿ ನೀರು ಬಂತು.

ಸೋಮವಾರದಿಂದ ನೀರು ಹಿಡಿಯುವ ಕೆಲಸವನ್ನು ಯಾರ್ಯಾರೋ ಮಾಡಿದ್ದರು. ಇವತ್ತು ಯಾರೂ ಇರಲಿಲ್ಲ. ಶಾಮಿಯಾನದ ಕಂಬ ಕಿತ್ತ ಗುಣಿಗಳು ಅಂಗಳದಲ್ಲಿ ಹಾಗೇ ಬಾಯಿ ತೆರೆದುಕೊಂಡಿದ್ದವು. ನಿನ್ನೆ ಹಾಲುತುಪ್ಪ ಮುಗಿಸಿ, ಇನ್ನು ಹನ್ನೊಂದನೇ ದಿನದ ಕಾರ್ಯಕ್ಕೆ ಬರುತ್ತೇವೆಂದು ನೆಂಟರೆಲ್ಲ ಹೊರಟುಹೋಗಿದ್ದರು. ಸುಕನ್ಯ ಕೊಡ ಇಟ್ಟಳು. ತುಂಬಿತು. ಎತ್ತಿದಳು. ಇನ್ನೊಂದು ಇಟ್ಟಳು.

ಕಾಂಪೌಂಡಿನಾಚೆ ಸುಭದ್ರಮ್ಮ ಖಾಲಿ ಕೊಡ ಹಿಡಿದು ನಿಂತಿದ್ದಳು. ಹಿಂದಿನ ಸಾಲುಮನೆಯ ಬಾಡಿಗೆಯವಳು. ಆರು ವರ್ಷದಿಂದ ಇದೇ ನಲ್ಲಿಯಲ್ಲಿ ನೀರು ಹಿಡಿದವಳು ಸೋಮವಾರದಿಂದ ಇತ್ತ ಬಂದಿರಲಿಲ್ಲ. ಅವಳ ಗಂಡ ಸಾಯಬಣ್ಣ ನದಿಯ ಕಡೆಯ ಠಾಣೆಯಲ್ಲಿದ್ದ.

"ಹಿಡ್ಕೊಳ್ಳಿ," ಎಂದಳು ಸುಕನ್ಯ.

ಸುಭದ್ರಮ್ಮ ಗೇಟಿನೊಳಗೆ ಬಂದಳು, ಕೊಡ ಮಾತ್ರ ಇಡಲಿಲ್ಲ.

"ಅಕ್ಕಾರ, ಒಂದ್ ಮಾತ್ ಕೇಳ್ತೀನ್ರಿ. ನಮ್ಮಂವಾ ಕರಣಿ ಎತ್ತಿದ್ದು ಖರೇ ಅದ. ಗಾರಿ ಕೆಲಸದಾಂವ, ಕೈಯಾಗ ಅದೇ ಇತ್ತು. ಖರೇ ಯಾರ ಮ್ಯಾಲ ಎತ್ತಿದ, ನೀವೇ ಹೇಳ್ರಿ."

ಸುಕನ್ಯ ತುಂಬಿದ ಕೊಡ ಎತ್ತಿ ಪಕ್ಕಕ್ಕಿಟ್ಟಳು.

"ನಿಮ್ಮ ಭಾವನ ಮ್ಯಾಲ. ಖೋಲಿ ಖಾಲಿ ಮಾಡು ಅಂತ ಸಾಮಾನು ಹೊರಗ ಒಗೆದ್ರಲ್ಲ, ಅವತ್ತ. ವಸಂತ ಸಾಹೇಬ್ರು ನಡುವ ಬಂದು ಕೈ ಹಿಡುದ್ರು. ಮರುದಿನ ಇಬ್ರೂ ಇಲ್ಲೇ ಮೆಟ್ಟಿಲಮ್ಯಾಲ ಕುಂತು ಚಾ ಕುಡುದ್ರು. ನೀವೇ ಮಾಡಿ ಕೊಟ್ರಿ ಆ ಚಾ."

ಹೌದು, ಕೊಟ್ಟಿದ್ದಳು. ಶುಂಠಿ ಜಾಸ್ತಿಯಾಯಿತೆಂದು ಗಂಡ ವಸಂತ್ ಮುಖ ಹಿಂಡಿದ್ದ.

ಸೋಮವಾರ ಇನ್ಸ್‌ಪೆಕ್ಟರ್ ಕೇಳಿದಾಗ ಇದೊಂದೂ ನೆನಪಿಗೆ ಬಂದಿರಲಿಲ್ಲ. ಅವತ್ತು ಯಾರು ಏನು ಕೇಳಿದರೂ ಅವಳು ಹೌದು ಅಂದಿದ್ದಳು. ನೀರು ಕುಡೀತೀಯಾ, ಹೌದು. ಮಲಗ್ತೀಯಾ, ಹೌದು. ಸಾಯಬಣ್ಣ ನಿಮ್ಮ ಗಂಡನ ಮೇಲೆ ಕರಣೆ ಎತ್ತಿದ್ನಾ, ಹೌದು.

"ನಾ ಏನ್ ಬೇಡಂಗಿಲ್ರಿ," ಎಂದಳು ಸುಭದ್ರಮ್ಮ. "ಕಂಡದ್ದಷ್ಟ ಹೇಳ್ರಿ." ಅಷ್ಟು ಹೇಳಿ ಖಾಲಿ ಕೊಡ ಸೊಂಟಕ್ಕೇರಿಸಿಕೊಂಡು ತಿರುಗಿ ಹೋದಳು. ನಲ್ಲಿ ಸುರಿಯುತ್ತಲೇ ಇತ್ತು.

ಭಾನುವಾರ, ಸಂಕ್ರಾಂತಿ ಕಳೆದ ಮೂರನೇ ದಿನ, ಕಾವೇರಿ ದಂಡೆಯ ರಕ್ಷಿತ ಕಾಡಿಗೆ ಚಳಿಗಾಲದ ನೀರುಹಕ್ಕಿ ಎಣಿಸಲು 'ಹೆಜ್ಜೆ ಬಳಗ'ದ ಹದಿನಾಲ್ಕು ಜನ ನಡೆದುಹೋಗಿದ್ದರು. ಅಡುಗೆಗೆ ಜೊತೆಯಲ್ಲಿ ಸಾಯಬಣ್ಣ. ಬಳಗದವರಲ್ಲಿ ವಾಪಸ್ ನಡೆದು ಬಂದವರು ಹದಿಮೂರು ಜನ.

*

"ಸಂಜೆ ಐದಕ್ಕೆ ಪೊಲೀಸರು ಬರ್ತಾರಮ್ಮ," ಎಂದ ಮುನಿರಾಜ್, ವಸಂತನ ಅಣ್ಣ. ಮೆಟ್ಟಿಲ ಮೇಲೆ ಕೂತು ಶೂ ದಾರ ಕಟ್ಟುತ್ತಿದ್ದ. "ನೀನು ಹೇಳಿದ್ದನ್ನೇ ಟೈಪ್ ಮಾಡ್ಸಿದ್ದಾರೆ. ಓದ್ಬಿಟ್ಟು ಸೈನ್ ಹಾಕಿದ್ರೆ ಮುಗೀತು."

"ಹಾಕಿದ ಮೇಲೆ?"

"ನಾಳೆ ಅರೆಸ್ಟ್ ತೋರ್ಸಿ ಕೋರ್ಟಿಗೆ ಹಾಜರು ಮಾಡ್ತಾರೆ. ಕೊಲೆ ಕೇಸು. ಅಲ್ಲಿಂದ ಸೀದಾ ಜೈಲು. ನಿನ್ನ ಸೈನಿಗೇ ಕಾಯ್ತಿರೋದು ಅವರು."

"ಅವನು ಕರಣೆ ಎತ್ತಿದ್ದು ನಿಮ್ಮ ಮೇಲೆ, ಭಾವ."

ಮುನಿರಾಜನ ಬೆರಳು ದಾರದಲ್ಲೇ ನಿಂತಿತು. "ನನ್ನ ಮೇಲಾದ್ರೇನು, ಅವನ ಮೇಲಾದ್ರೇನು? ಮಧ್ಯಾಹ್ನ ಎಲ್ಲರೂ ಕಾಡಿನ ಕಾವಲು ಗೋಪುರದ ಹತ್ರ ಇದ್ರು. ಹೊಳೆ ದಡದಲ್ಲಿ ಇದ್ದಿದ್ದು ಅವರಿಬ್ರೇ. ಬಂಡೆ ಮೇಲೆ ರಕ್ತ, ಕೆಳಗೆ ನೀರಲ್ಲಿ ನನ್ ತಮ್ಮ. ಇನ್ಯಾರು ಬಂದು ಹೊಡೀತಾರೆ ಅಲ್ಲಿ?"

ಎದ್ದು ಹೋಗಿ ಕಾರಿನ ಡಿಕ್ಕಿಯಿಂದ ಒಂದು ಕಟ್ಟು ತಂದು ಅವಳ ಮುಂದಿಟ್ಟ. ಹಳೇ ಪೇಪರು, ಸುತ್ತ ಹುರಿ, ಗಂಟಿನ ಮೇಲೆ ಅರಗಿನ ಮುದ್ರೆ. "ರಾತ್ರಿ ಠಾಣೆಯಲ್ಲಿ ಕೊಟ್ರು. ಬಂಡೆ ಮೇಲೆ ಸಿಕ್ಕಿದ್ದಂತೆ. ಕೇಸಿಗೆ ಬೇಡವಂತೆ."

ಸುಕನ್ಯ ಅರಗು ಒಡೆದಳು. ಒಳಗೆ ವಸಂತನ ನೋಟ್‌ಬುಕ್ಕು, ಒಂದು ದುರ್ಬೀನು. ದುರ್ಬೀನಿನ ಪಟ್ಟಿಗೆ ರಟ್ಟಿನ ಚೀಟಿ ನೇತುಬಿದ್ದಿತ್ತು: ಲತೀಫ್, ಶಿವಾಜಿನಗರ.

ಬಿಸಿಲಿಗೆ ಕಾಲು ಚಾಚಿ ಕೂತಿದ್ದ ಅತ್ತೆ ಚಿಕ್ಕಮುನಿಯಮ್ಮ ಕತ್ತೆತ್ತಿದರು. "ಅದು ನಮ್ದಲ್ಲ."

"ಎರವಲು ತಂದಿದ್ರು ಅತ್ತೆ."

"ಹಂಗಾದ್ರೆ ಇವತ್ತೇ ಹೋಗ್ಬೇಕು. ಸತ್ತೋನು ಎರವಲು ತಂದಿದ್ದು ಮನೇಲಿ ಇಟ್ಕೊಂಡು ಹನ್ನೊಂದು ಮಾಡಂಗಿಲ್ಲ. ಹೆಂಡ್ತಿ ಕೈಯಿಂದ ಕೊಟ್ಟೋನ ಕೈಗೆ. ನಮ್ ಮಾವ ಸತ್ತಾಗ ಪಕ್ಕದ ಮನೆ ಗುದ್ಲಿ ನಮ್ಮತ್ತೇನೇ ಹೊತ್ಕೊಂಡೋಗಿ ಕೊಟ್ಬಂದ್ಲು."

"ಅಮ್ಮ, ಹೊಸ್ತಿಲು ದಾಟ್ಬಾರ್ದು ಅಂತ ನಿನ್ನೆ ನೀನೇ ತಾನೆ ಹೇಳಿದ್ದು?" ಎಂದ ಮುನಿರಾಜ್.

"ಹೇಳ್ದೆ. ಇದು ಬೇರೆ."

"ದಿವ್ಯ ಕಾಲೇಜಿಂದ ಬಂದ್ಮೇಲೆ ಅವಳ ಕೈಲಿ ಕಳ್ಸಿದ್ರಾಗಲ್ವಾ?"

"ದಿವ್ಯ ಏನು ಅವನ ಹೆಂಡ್ತಿನಾ?"

ಮುನಿರಾಜ್ ಬಿಚ್ಚಿದ್ದ ಪೇಪರು ಮಡಚತೊಡಗಿದ.

ದಿವ್ಯ ವಸಂತನ ತಂಗಿ, ಕೆ.ಆರ್. ಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು. ಅವನನ್ನು ಬಳಗಕ್ಕೆ ಸೇರಿಸಿದವಳೂ ಅವಳೇ. ರಜೆಯ ಅರ್ಜಿ ಕೊಟ್ಟು ಬರುತ್ತೇನೆಂದು ಆರಕ್ಕೇ ಹೋಗಿದ್ದಳು. ಸೋಮವಾರದಿಂದ ಸುಕನ್ಯಳ ಪಕ್ಕದಲ್ಲೇ ಮಲಗಿ, ಬೆಳಿಗ್ಗೆ ತಲೆ ಬಾಚಿ, ಜಡೆ ಹೆಣೆಯುತ್ತ ದಿನಾ ಒಂದೇ ಮಾತು ಹೇಳುತ್ತಿದ್ದಳು: "ಊಟ ಆದ್ಮೇಲೆ ಅಣ್ಣನ್ನ ನೋಡ್ಲೇ ಇಲ್ಲ ಅತ್ತಿಗೆ. ಒಂದ್ಸಲ ತಿರುಗಿ ನೋಡಿದ್ರೂ ಆಗ್ತಿತ್ತು."

ಸುಕನ್ಯ ಸೀರೆ ಬದಲಿಸಿದಳು. ದುರ್ಬೀನು, ನೋಟ್‌ಬುಕ್ಕು ಎರಡನ್ನೂ ಬಟ್ಟೆಯ ಚೀಲಕ್ಕೆ ಹಾಕಿಕೊಂಡಳು.

"ಐದರೊಳಗೆ ಬಾ," ಎಂದ ಮುನಿರಾಜ್.

*

ಕಗ್ಗದಾಸಪುರದ ರೈಲ್ವೆ ಗೇಟು ಹಾಕಿತ್ತು. ಆಟೋದವನು ಎಂಜಿನ್ ನಿಲ್ಲಿಸಿ ಇಳಿದು ಬೀಡಿ ಹಚ್ಚಿದ. ಹಿಂದೆ ಲಾರಿ, ಮುಂದೆ ಎಮ್ಮೆ, ಸುತ್ತ ಸ್ಕೂಟರು. ಅತ್ತ ಹೋಗುವಂತಿಲ್ಲ, ಇತ್ತ ತಿರುಗುವಂತಿಲ್ಲ. ಕೈ ಸುಮ್ಮನಿರದೆ ಸುಕನ್ಯ ನೋಟ್‌ಬುಕ್ಕು ತೆರೆದಳು.

7-20. ಮಂಜು. ಆಚೆ ದಡ ಕಾಣುತ್ತಿಲ್ಲ. ನೀರುಕಾಗೆ 11.

9-05. ಮರಳದಿಬ್ಬ. ನದಿ ರೀವ 6. ದಿವ್ಯ ನೀರಿಗೆ ಕಾಲಿಟ್ಟು ಬೂಟು ಒದ್ದೆ ಮಾಡಿಕೊಂಡಳು, ಬೈಗುಳ ನನಗೆ.

12-45. ಊಟ. ಸಾಯಬಣ್ಣನ ಜೋಳದ ರೊಟ್ಟಿ, ಎಣ್ಣೆಗಾಯಿ. ಎಲ್ಲರೂ ಮತ್ತೆ ಮತ್ತೆ ಕೇಳಿದರು. ಅವನಿಗೇ ಉಳಿಯಲಿಲ್ಲ, ನನ್ನದರಲ್ಲಿ ಅರ್ಧ ಕೊಟ್ಟೆ.

ಕೊನೆಯದು ಹೀಗಿತ್ತು:

2-40. ಪಟ್ಟೆತಲೆ ಹೆಬ್ಬಾತು 37. ಆಚೆ ದಡದ ಬಂಡೆಸಾಲು. ತಲೆಯ ಎರಡೂ ಕಪ್ಪು ಪಟ್ಟೆ ಸ್ಪಷ್ಟ.

ಅಲ್ಲಿಂದ ಮುಂದೆ ಖಾಲಿ ಪುಟಗಳು.

ಅವಳು ಆ ಸಾಲನ್ನು ನಾಲ್ಕು ಸಲ ಓದಿದಳು. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುವಾಗ, ಪ್ರಯೋಗದ ಪುಸ್ತಕದಲ್ಲಿ ಗಂಟೆ ಬರೆಯದಿದ್ದರೆ ಮೇಷ್ಟ್ರು ಪುಟ ಹರಿದು ಕೈಗೆ ಕೊಡುತ್ತಿದ್ದರು. ಅಂದಿನಿಂದ ಯಾವ ಪುಟ ನೋಡಿದರೂ ಮೊದಲು ಕಣ್ಣು ಹೋಗುವುದು ಗಂಟೆಗೆ. ಎರಡು ನಲವತ್ತು.

ರೈಲು ಹೋಯಿತು. ಗೇಟು ಎತ್ತಿದರು. ಎಲ್ಲ ಹಾರ್ನುಗಳೂ ಒಟ್ಟಿಗೇ ಬಾಯಿ ಬಿಟ್ಟವು.

"ಶಿವಾಜಿನಗರ ಅಂದ್ರಲ್ಲ ಮೇಡಂ?"

"ಮೊದಲು ಇಂದಿರಾನಗರ," ಎಂದಳು.

*

ಬಳಗದ ಮುಂದಾಳು ಅಂಜನಮೂರ್ತಿ ಐವತ್ತೈದು ದಾಟಿದವರು. ಕಾರ್ಖಾನೆಯ ಕೆಲಸ ಅವಧಿಗೆ ಮುಂಚೆ ಬಿಟ್ಟು ಹನ್ನೆರಡು ವರ್ಷದಿಂದ ಜನರನ್ನು ಕಾಡಿಗೆ ನಡೆಸಿಕೊಂಡು ಹೋಗುತ್ತಿದ್ದರು. ಬಾಗಿಲಲ್ಲಿ ಅವಳನ್ನು ಕಂಡು ಸ್ವೆಟರಿನ ಗುಂಡಿ ಹಾಕಿಕೊಂಡರು.

"ಸುಕನ್ಯ ಅವರೇ, ಈ ದಿನದಲ್ಲಿ ನೀವು ಹೊರಗೆ... ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲಮ್ಮ."

"ನೀವು ಎಣಿಸಿದ್ದು ಹೇಗೆ ಅಂತ ಕೇಳ್ಬೇಕಿತ್ತು."

"ಏನು ಎಣಿಸಿದ್ದು?"

"ಜನರನ್ನ. ಗೋಪುರದ ಹತ್ತಿರ."

ಅವರು ಕುರ್ಚಿ ತೋರಿಸಿದರು, ತಾವೂ ಕೂತರು. ಟೀಪಾಯಿಯ ಮೇಲೆ ಹಕ್ಕಿ ಗಣತಿಯ ಫಾರಂಗಳು ಹರಡಿದ್ದವು. "ಪೊಲೀಸರಿಗೆ ಹೇಳಿದ್ದೇ ಹೇಳ್ತೀನಿ. ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ನಂಬರು. ನಾನು ಒಂದು. ದಿವ್ಯ ಆರು. ವಸಂತ್ ಹದಿನಾಲ್ಕು. ಕೊನೇ ನಂಬರಿನವನು ಕೊನೇಲೇ ಬರ್ಬೇಕು, ಯಾರೂ ಹಿಂದೆ ಉಳೀಬಾರ್ದು ಅಂತ. ಎರಡೂಕಾಲಿಗೆ ಗೋಪುರ ಮುಟ್ಟಿದ್ವಿ, ಕೂಗಿಸ್ದೆ. ಒಂದರಿಂದ ಹದಿಮೂರು ಬಂತು, ಹದಿನಾಲ್ಕು ಬರ್ಲಿಲ್ಲ. ಎಲ್ಲೋ ಹಕ್ಕಿ ನೋಡ್ತಾ ನಿಂತಿದ್ದಾನೆ ಅಂದ್ಕೊಂಡ್ವಿ. ಮೂರೂವರೆವರೆಗೆ ಅಲ್ಲೇ ಇದ್ವಿ. ನಾಲ್ಕಕ್ಕೆ ಹುಡುಕೋಕೆ ಇಳಿದ್ವಿ."

"ಮುಖ ನೋಡಿದ್ರಾ?"

"ಹಾಂ?"

"ನಂಬರ್ ಕೇಳಿಸ್ಕೊಂಡ್ರಿ. ಮುಖ ನೋಡಿದ್ರಾ?"

ಅಂಜನಮೂರ್ತಿ ನಕ್ಕರು. ನಗು ಬೇಗ ಮುಗಿಯಿತು. "ಕಾಲುದಾರಿ ಅಮ್ಮ ಅದು. ಒಬ್ಬರ ಹಿಂದೆ ಒಬ್ಬರು ನಿಲ್ಲೋಷ್ಟೇ ಜಾಗ. ನಾನು ಮುಂದೆ ನಿಂತು ಕೂಗ್ತೀನಿ, ಹಿಂದಿಂದ ದನಿ ಬರುತ್ತೆ. ಹಾಜರಿ ಪುಸ್ತಕ ಹಿಡ್ಕೊಂಡು ಕೂರೋಕೆ ಇದೇನು ಇಸ್ಕೂಲಾ?"

"ಅಂದ್ರೆ ನೋಡ್ಲಿಲ್ಲ."

"ನೀವು ಏನು ಹೇಳೋಕೆ ಹೊರಟಿದ್ದೀರಿ?"

ಸುಕನ್ಯ ನೋಟ್‌ಬುಕ್ಕಿನ ಕೊನೆಯ ಸಾಲು ತೋರಿಸಿದಳು. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಓದುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅದರ ಮೇಲೇ ಬಾಗಿದ್ದರು.

"ಹೆಬ್ಬಾತು ಮೂವತ್ತೇಳು," ಎಂದರು. "ಆ ತಿರುವಿನಲ್ಲಿ ನಾವ್ಯಾವತ್ತೂ ನೋಡಿಲ್ಲ. ಪಾಪ, ಅವನಿಗೆ ಸಿಕ್ಕಿವೆ."

"ಎರಡು ನಲವತ್ತಕ್ಕೆ."

"ಗಂಟೆ ಅಂದಾಜಿಗೆ ಬರೆದಿರ್ತಾನೆ. ಅವನ ವಾಚು ಹತ್ತು ನಿಮಿಷ ಮುಂದೇನೇ ಇರ್ತಿತ್ತು ಯಾವಾಗ್ಲೂ."

"ಅವರ ವಾಚು ನಮ್ಮನೆ ಕಿಟಕಿ ಮೇಲಿದೆ, ಫೋನೂ ಮನೇಲೇ ಬಿಟ್ಟುಹೋಗಿದ್ರು. ವಾಚು ಶುಕ್ರವಾರವೇ ನಿಂತುಹೋಗಿತ್ತು. ಸೆಲ್ ಹಾಕಿಸ್ಕೊಂಡು ಬಾ ಅಂತ ನನಗೆ ಕೊಟ್ಟಿದ್ರು. ನಾನು ಮರೆತೆ."

ಒಳಗೆಲ್ಲೋ ಕುಕ್ಕರ್ ಕೂಗಿತು. ಯಾರೂ ಹೋಗಿ ಆರಿಸಲಿಲ್ಲ.

"ಬೆಳಿಗ್ಗೆ ಎಲ್ಲರೂ ಜೊತೇಲಿದ್ರಿ," ಎಂದಳು ಸುಕನ್ಯ. "ಯಾರನ್ನೋ ಕೇಳಿ ಬರ್ಕೊಂಡಿರ್ತಾರೆ. ಎರಡು ನಲವತ್ತು ಅಂತ ಹೇಳಿದ್ದು ಯಾರು?"

"ಸಾಯಬಣ್ಣ ಹೇಳಿರ್ಬೇಕು."

"ಸಾಯಬಣ್ಣನ ಹತ್ರ ವಾಚೂ ಇಲ್ಲ, ಫೋನೂ ಇಲ್ಲ. ನಮ್ಮ ಕಾಂಪೌಂಡ್ ಕಟ್ಟುವಾಗ ದಿನಾ ಮಧ್ಯಾಹ್ನ ಗೋಡೆ ಆಚೆಯಿಂದ ನನ್ನನ್ನೇ ಕೇಳ್ತಿದ್ದ, ಎಷ್ಟಾತ್ರಿ ಅಕ್ಕಾರ ಅಂತ."

ಅಂಜನಮೂರ್ತಿ ಕನ್ನಡಕ ತೆಗೆದರು. ನೋಟ್‌ಬುಕ್ಕಿನ ಮೇಲೆ ಕೈಯಿಟ್ಟರು, ಮೆಲ್ಲಗೆ, ಆಶೀರ್ವಾದ ಮಾಡುವವರ ಹಾಗೆ. "ಇದು ಇಲ್ಲಿರ್ಲಿ. ಗಣತಿ ಫಾರಂ ಕಳಿಸ್ಬೇಕು, ಅವನು ಬರೆದಿದ್ದೂ ಸೇರ್ಬೇಕು ತಾನೆ?"

ಸುಕನ್ಯ ಇನ್ನೊಂದು ತುದಿ ಹಿಡಿದಿದ್ದಳು. ಬಿಡಲಿಲ್ಲ. "ಬೇಕಾದ್ರೆ ಬರ್ಕೊಳ್ಳಿ. ಮೂವತ್ತೇಳು."

ಒಂದು ಕ್ಷಣ ಪುಸ್ತಕ ಇಬ್ಬರ ನಡುವೆ ಬಿಗಿಯಾಯಿತು. ಅವರೇ ಕೈ ತೆಗೆದರು.

"ನೋಡಮ್ಮ," ಎಂದರು. ದನಿ ತಗ್ಗಿತ್ತು. "ಸಂಜೆ ಸೈನ್ ಹಾಕ್ಬಿಡಿ. ಮಗಳಿಗೆ ಹೇಳೋ ಹಾಗೆ ಹೇಳ್ತಿದ್ದೀನಿ. ನೀವು ಹಾಕ್ಲಿಲ್ಲ ಅಂದ್ರೆ ಪೊಲೀಸರು ಹದಿಮೂರು ಮನೆ ಬಾಗಿಲು ತಟ್ತಾರೆ. ಹದಿಮೂರರಲ್ಲಿ ನಿಮ್ಮ ಮನೆ ಬಾಗಿಲೂ ಒಂದು."

"ಸಾಯಬಣ್ಣನ ಮನೆಗೂ ಬಾಗಿಲಿದೆ."

ಅವರ ಕಣ್ಣು ಅವಳ ಚೀಲದ ಬಾಯಿಗೆ ಹೋಯಿತು. "ಅದು ಲತೀಫರ ದುರ್ಬೀನಲ್ವಾ?"

"ವಾಪಸ್ ಕೊಡೋಕೆ ಹೋಗ್ತಿದ್ದೀನಿ."

"ಇವತ್ತೇನಾ?"

"ಈಗ."

ಗೇಟು ದಾಟಿ ಆಟೋ ಹತ್ತುವಾಗ ಅವಳು ತಿರುಗಿ ನೋಡಿದಳು. ಕಿಟಕಿಯ ಪರದೆಯ ಹಿಂದೆ ಅಂಜನಮೂರ್ತಿ ನಿಂತಿದ್ದರು. ಕಿವಿಯಲ್ಲಿ ಫೋನಿತ್ತು.

*

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಲತೀಫರ ಅಂಗಡಿಗೆ ಬೋರ್ಡಿಲ್ಲ. ಬಾಗಿಲಿಗೆ ಬೀಗ ಬೇರೆ ಇತ್ತು.

"ಚಾಚಾ ಊಟಕ್ಕೆ ಹೋಗಿದಾರೆ, ಈಗ ಬರ್ತಾರೆ, ಬೈಠೋ," ಎಂದ ಪಕ್ಕದ ಬಟ್ಟೆ ಅಂಗಡಿಯವನು, ಸ್ಟೂಲು ಕೊಟ್ಟ. ಅವಳು ಕೂರಲಿಲ್ಲ. ಗಲ್ಲಿಯ ಈ ತುದಿಯಿಂದ ಆ ತುದಿಗೆ ನಡೆದಳು. ಮಾಂಸದಂಗಡಿಯ ಕತ್ತಿಯ ಸದ್ದು, ಕೈಗಾಡಿಯವನ 'ಸೈಡ್ ಸೈಡ್', ತಮಿಳಿನಲ್ಲಿ ಹೂವಿನ ಚೌಕಾಸಿ. ಅವಳ ಬೋಳು ಹಣೆ ನೋಡಿ ಹೂವಿನವಳು ಕೂಗು ನಿಲ್ಲಿಸಿ, ಅವಳು ದಾಟಿದ ಮೇಲೆ ಮತ್ತೆ ಶುರು ಮಾಡಿದಳು. ಮುಕ್ಕಾಲು ಗಂಟೆ ಹೀಗೇ ಕಳೆಯಿತು. ಐದಕ್ಕೆ ಇನ್ನು ನಾಲ್ಕು ಗಂಟೆ ಉಳಿದಿತ್ತು.

ಲತೀಫ್ ಗೋಡೆ ಹಿಡಿದುಕೊಂಡು ಬಂದರು. ಎರಡೂ ಮೊಣಕಾಲು ಬಾಗದು. ಬಾಗಿಲು ತೆಗೆದರು. ಒಳಗೆ ಹೊಟ್ಟೆ ಬಗೆದ ಕ್ಯಾಮರಾಗಳು, ಡಬ್ಬಿಗಳಲ್ಲಿ ಅಕ್ಕಿಕಾಳಿನಷ್ಟು ಸ್ಕ್ರೂಗಳು.

"ವಸಂತ್ ಸಾಬ್‌ದು," ಎಂದರು ದುರ್ಬೀನು ನೋಡಿದ ಕೂಡಲೇ. ಆಮೇಲೆ ಅವಳನ್ನು ನೋಡಿದರು. "ಬೇಟಿ, ನೀವು..."

"ಅವರ ಹೆಂಡತಿ."

"ಪೇಪರಲ್ಲಿ ಓದ್ದೆ." ಲತೀಫ್ ತಾವೇ ಮಾತು ಹುಡುಕಿ ತೆಗೆದರು. "ನನ್ನ ಹತ್ರ ನಾಲ್ಕು ದುರ್ಬೀನು ಇದೆ. ಈ ಕಾಲು ತಗೊಂಡು ನಾನು ಎಲ್ಲಿ ಕಾಡಿಗೆ ಹೋಗ್ಲಿ? ನಡೆಯೋರಿಗೆ ಕೊಡ್ತೀನಿ. ಬಾಡಿಗೆ ಇಲ್ಲ. ವಾಪಸ್ ತಂದಾಗ ಏನು ನೋಡಿದ್ರಿ ಅಂತ ಕೂತು ಹೇಳ್ಬೇಕು, ಅಷ್ಟೇ. ವಸಂತ್ ಸಾಬ್ ಚೆನ್ನಾಗಿ ಹೇಳೋರು. ಇಲ್ಲದ ಹುಲಿನೂ ಒಂದೆರಡು ಸೇರಿಸೋರು."

ಸುಕನ್ಯ ನೋಟ್‌ಬುಕ್ಕು ತೆರೆದು ಓದಿದಳು. ಮಂಜು, ನೀರುಕಾಗೆ, ಮರಳದಿಬ್ಬ. ರೊಟ್ಟಿಯ ಸಾಲನ್ನೂ ಬಿಡಲಿಲ್ಲ. ಕೊನೆಗೆ ಮೂವತ್ತೇಳು ಹೆಬ್ಬಾತು, ತಲೆಯ ಎರಡೂ ಪಟ್ಟೆ ಸ್ಪಷ್ಟ. ಅಷ್ಟೂ ಹೊತ್ತು ಲತೀಫ್ ಕಣ್ಣು ಮುಚ್ಚಿಕೊಂಡಿದ್ದರು.

"ಅಚ್ಛಾ," ಎಂದರು. "ಪಟ್ಟೆನೂ ಕಾಣ್ತು. ಒಳ್ಳೇದು."

ಅವಳು ದುರ್ಬೀನನ್ನು ಎರಡೂ ಕೈಯಲ್ಲಿ ಎತ್ತಿ ಅವರ ಕೈಗೆ ಕೊಟ್ಟಳು. ಅತ್ತೆ ಹೇಳಿದ ಹಾಗೆಯೇ.

ಲತೀಫ್ ಅದನ್ನು ಬೆಳಕಿಗೆ ಹಿಡಿದರು. ಬಲಗಣ್ಣು ಇಡುವ ಕಡೆಯ ಗಾಜಿನ ಸುತ್ತ ಒಂದು ಸಣ್ಣ ರಿಂಗು, ಅದರ ಮೇಲೆ ಕೂದಲಿನಂಥ ಗೆರೆಗಳು. ನಡುವೆ ಸೊನ್ನೆ, ಒಂದು ಕಡೆ ಪ್ಲಸ್ಸು, ಇನ್ನೊಂದು ಕಡೆ ಮೈನಸ್ಸು. ಅವರ ಹುಬ್ಬು ಗಂಟಾಯಿತು.

"ಇದು ವಸಂತ್ ಸಾಬ್ ಕಣ್ಣಲ್ಲ."

"ಅಂದ್ರೆ?"

"ಎಲ್ಲರದ್ದೂ ಎರಡು ಕಣ್ಣು ಒಂದೇ ಥರ ಇರಲ್ಲ ಬೇಟಿ. ಅದಕ್ಕೆ ಈ ರಿಂಗು. ಒಂದ್ಸಲ ನಿಮ್ಮ ಕಣ್ಣಿಗೆ ತಿರುಗಿಸಿ ಇಟ್ರೆ ಮುಗೀತು. ವಸಂತ್ ಸಾಬ್‌ಗೆ ಪ್ಲಸ್ ಎರಡು ಗೆರೆ. ಶನಿವಾರ ನಾನೇ ಇಟ್ಟು ಕೊಟ್ಟೆ. ಈಗ ಮೈನಸ್ ಮೂರಲ್ಲಿದೆ."

ಸುಕನ್ಯ ರಿಂಗಿನ ಹತ್ತಿರಕ್ಕೆ ಬಾಗಿದಳು. "ಮೈನಸ್ ಮೂರಲ್ಲಿಟ್ಟು ಅವರಿಗೆ ಆಚೆ ದಡದ ಪಟ್ಟೆ ಕಾಣ್ತಿತ್ತಾ?"

"ಬಲಗಣ್ಣು ಮುಚ್ಚಿಕೊಂಡ್ರೆ ಕಾಣುತ್ತೆ. ಯಾಕೆ ಮುಚ್ಕೊಳ್ತಾರೆ, ರಿಂಗು ಬೆರಳಲ್ಲೇ ಇರುವಾಗ? ಹೆಬ್ಬಾತು ನೋಡಿದ ಮೇಲೆ ಇನ್ನೊಬ್ಬರು ತಗೊಂಡು ನೋಡಿದ್ದಾರೆ."

"ಪೊಲೀಸರು ನೋಡಿರ್ಬಹುದು."

"ಪೊಲೀಸರು ನಡುವಿನ ಚಕ್ರ ತಿರುಗಿಸ್ತಾರೆ. ಎಲ್ಲರೂ ಅದನ್ನೇ ತಿರುಗಿಸೋದು. ಈ ರಿಂಗು ಇದೆ ಅಂತ್ಲೇ ಗೊತ್ತಿರಲ್ಲ ಅವರಿಗೆ. ಗ್ರೀಸ್ ಒಣಗಿ ಗಟ್ಟಿಯಾಗಿದೆ, ತಾನಾಗಿ ಜರುಗೋದೂ ಇಲ್ಲ. ಗೊತ್ತಿರೋರು, ತಮ್ಮ ಗೆರೆ ಎಲ್ಲಿದೆ ಅಂತ ಗೊತ್ತಿರೋರೇ ತಿರುಗಿಸಿದ್ದು."

ಮಾತಾಡುತ್ತಲೇ ಅವರು ಉದ್ದನೆಯ ರಿಜಿಸ್ಟರ್ ಎಳೆದುಕೊಂಡು ತಾರೀಖು ಬರೆದರು, ಮುಂದೆ 'ವಾಪಸ್, ಬಲ ಮೈನಸ್ 3' ಎಂದು ಬರೆದರು. ಪೆನ್ನು ಕೆಳಗಿಟ್ಟರು. ಕರವಸ್ತ್ರದಿಂದ ಗಾಜು ಒರೆಸಿದರು. ಹೆಬ್ಬೆರಳು ರಿಂಗಿನ ಮೇಲೆ ಹೋಯಿತು.

"ಬೇಡ, ಮುಟ್ಟಬೇಡಿ," ಎಂದಳು ಸುಕನ್ಯ.

ಆಗಲೇ ತಿರುಗಿ ಆಗಿತ್ತು. ರಿಂಗು ಸೊನ್ನೆಗೆ ಬಂದು ನಿಂತಿತ್ತು.

ಲತೀಫ್ ತಮ್ಮ ಹೆಬ್ಬೆರಳನ್ನೇ ನೋಡಿದರು. "ವಾಪಸ್ ಬಂದಿದ್ದೆಲ್ಲ ಸೊನ್ನೆಗೆ ತಂದಿಡ್ತೀನಿ. ನಲವತ್ತು ವರ್ಷದಿಂದ. ಕೈ ತಾನೇ ಹೋಗುತ್ತೆ." ದುರ್ಬೀನನ್ನು ಮೇಜಿನ ಮೇಲಿಟ್ಟು ಅದರಿಂದ ಕೈ ದೂರ ಸರಿಸಿದರು. "ಬೇಟಿ, ಇದರಿಂದ ಯಾರದ್ದಾದ್ರೂ ಕೆಲಸ ಕೆಟ್ಟಿತಾ?"

"ಒಬ್ಬರು ಜೈಲಿಗೆ ಹೋಗ್ತಾರೆ. ನಾಳೆ."

"ಯಾ ಅಲ್ಲಾಹ್."

ಈಗ ಸಾಕ್ಷಿಯಾಗಿ ಉಳಿದಿದ್ದು ರಿಜಿಸ್ಟರಿನ ಒಂದೇ ಸಾಲು. ಶಾಯಿ ಇನ್ನೂ ಒದ್ದೆಯಾಗಿತ್ತು.

"ಎಲ್ಲರ ಗೆರೆನೂ ಇದರಲ್ಲಿ ಬರೆದಿಡ್ತೀರಾ?"

"ಎಲ್ಲರದ್ದು. ಹೆಸರು ಮರೀತೀನಿ, ಕಣ್ಣು ಮರೆಯಲ್ಲ. ಆದ್ರೂ ಬರೀತೀನಿ."

"ಮೈನಸ್ ಮೂರು ಯಾರದ್ದು?"

ಲತೀಫ್ ಬೆರಳಿಗೆ ಎಂಜಲು ಹಚ್ಚಿ ಹಿಂದಿನ ಪುಟ ತಿರುಗಿಸಿದರು. ಡಿಸೆಂಬರ್. ಇನ್ನೊಂದು. ನವೆಂಬರ್. ಬೆರಳು ಮೇಲಿನಿಂದ ಕೆಳಗೆ ಇಳಿಯುತ್ತ ಹೋಯಿತು. ಪ್ಲಸ್ ಒಂದು, ಸೊನ್ನೆ, ಮೈನಸ್ ಒಂದು, ಸೊನ್ನೆ. ಒಂದು ಕಡೆ ನಿಂತಿತು. ಅವರು ರಿಜಿಸ್ಟರನ್ನೇ ಅವಳ ಕಡೆ ತಿರುಗಿಸಿದರು.

ಬಲ ಮೈನಸ್ 3. ಮುಂದೆ ಹೆಸರು. ಹೆಸರಿನ ಮುಂದೆ ವಿಳಾಸ.

ವಿಳಾಸ ಅವಳದೇ.

"ಕನ್ನಡಕ ತೆಗೆದು ನೋಡ್ತಾರೆ ಅವರು," ಎಂದರು ಲತೀಫ್ ಮೆಲ್ಲಗೆ. "ನಿನ್ನೆ ಬೆಳಿಗ್ಗೆನೂ ಬಂದಿದ್ರು. ದುರ್ಬೀನು ವಾಪಸ್ ಬಂತಾ, ಯಾರಾದ್ರೂ ತಂದುಕೊಟ್ರಾ ಅಂತ ಕೇಳ್ಕೊಂಡು ಹೋದ್ರು. ಅಣ್ಣ ಹೋದ ದುಃಖ, ಅದಕ್ಕೇ ಇರ್ಬೇಕು ಅಂದ್ಕೊಂಡೆ."

ನಿನ್ನೆ ಹಾಲುತುಪ್ಪಕ್ಕೆ ಬಾಳೆಯೆಲೆ ತರುತ್ತೇನೆಂದು ಹೋದ ದಿವ್ಯ ಎರಡು ಗಂಟೆ ಬಿಟ್ಟು ಬಂದಿದ್ದಳು. ಎಲೆಯಿಲ್ಲದೆ ಎಡೆ ತಡವಾಗಿ ಅತ್ತೆ ರೇಗಿದ್ದರು.

ಸುಕನ್ಯ ಆ ಹೆಸರಿನ ಮೇಲೆ ಕೈಯಿಟ್ಟಳು. ಇಟ್ಟಿದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ. ಮೂರು ರಾತ್ರಿ ಪಕ್ಕದಲ್ಲೇ ಮಲಗಿದವಳು. ಇವತ್ತು ಬೆಳಿಗ್ಗೆ ಕತ್ತಲಲ್ಲೇ ಎದ್ದು, ಕಾಲೇಜಿಗೆ ಹೋಗುವ ಮುಂಚೆ, ಅರೆನಿದ್ದೆಯಲ್ಲಿದ್ದ ಅವಳ ಹೊದಿಕೆ ಸರಿಮಾಡಿ ಹೋದವಳು.

"ಚಾಚಾ, ಈ ಪುಟ ಯಾರಿಗೂ ಕೊಡ್ಬೇಡಿ. ಯಾರು ಬಂದು ಕೇಳಿದ್ರೂ."

"ಕೊಡಲ್ಲ. ನೀವು ಮೊದಲು ಸೈನ್ ಮಾಡಿ. ವಾಪಸ್ ಕೊಟ್ಟೋರು ಅಂತ." ಪೆನ್ನು ಚಾಚಿದರು.

ಅವಳು ಹೊಸ ಸಾಲಿನ ಮುಂದೆ ತನ್ನ ಹೆಸರು ಬರೆದಳು. ಕೆಳಗೆ ಗಂಟೆಯನ್ನೂ ಬರೆಯಬೇಕೆನಿಸಿ ಗೋಡೆಯ ಗಡಿಯಾರ ನೋಡಲು ತಲೆಯೆತ್ತಿದಳು.

ಬಾಗಿಲ ಬೆಳಕು ಮರೆಯಾಯಿತು.

"ಅತ್ತಿಗೆ." ದಿವ್ಯ ಮೆಟ್ಟಿಲ ಮೇಲೆ ನಿಂತಿದ್ದಳು. ಓಡಿ ಬಂದವಳಂತೆ ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಕನ್ನಡಕದ ಮೇಲೆ ಬೆವರು. "ಇಷ್ಟು ದೂರ ನೀವು ಒಬ್ಬರೇ ಯಾಕೆ ಬರೋಕೆ ಹೋದ್ರಿ? ನನಗೆ ಹೇಳಿದ್ರೆ ನಾನೇ ತಂದು ಕೊಡ್ತಿರ್ಲಿಲ್ವಾ?"

"ನನ್ನ ಕೈಯಿಂದಲೇ ಕೊಡ್ಬೇಕಂತೆ. ಅತ್ತೆ ಹೇಳಿದ್ರು."

"ಕೊಟ್ರಾ?"

"ಕೊಟ್ಟೆ."

ದಿವ್ಯ ಒಳಗೆ ಬಂದಳು. ಮೇಜಿನ ಮೇಲಿದ್ದ ದುರ್ಬೀನು ನೋಡಿದಳು, ಲತೀಫರ ಕೈ ನೋಡಿದಳು, ತೆರೆದ ರಿಜಿಸ್ಟರ್ ನೋಡಿದಳು. ಆಮೇಲೆ ಸುಕನ್ಯಳ ಹೆಗಲ ಮೇಲೆ ಕೈಯಿಟ್ಟು, ದಿನಾ ಬೆಳಿಗ್ಗೆ ಜಡೆ ಹೆಣೆಯುವಾಗಿನ ಅದೇ ದನಿಯಲ್ಲಿ ಕೇಳಿದಳು:

"ರಿಂಗು ಎಷ್ಟರಲ್ಲಿತ್ತು ಅತ್ತಿಗೆ?"